ಡೋನಲ್‌ನ ಕೊನೆಯ ಹೊಡೆತ

ಸೆಲೆಟಾರ್‌ನ ಬಸ್ ಸ್ಟಾಪಿನಲ್ಲಿ ಒಂದೇ ಆಫೀಸಿನ ಬ್ಯಾಡ್ಜ್ ಹಾಕಿಕೊಂಡ ಇಬ್ಬರು ನನ್ನ ಮುಂದೆ ನಿಂತು ಕನ್ನಡದಲ್ಲಿ ಮಾತಾಡುತ್ತಿದ್ದರು. ಆಕೆ ಹಿರಿಯಳು, ಅವನು ಕಿರಿಯ.

“ನಮ್ಮ ಬಾಸ್ ಡೋನಲ್ ಫೇರ್‌ವೆಲ್‌ನಲ್ಲಿ ಹಾಕಿದ ಆ ವಿಡಿಯೋ ನೀನೇ ಹುಡುಕಿದ್ದಾ, ಚೇತನ್?”

“ಹೌದು ಮೇಡಂ. ಐರ್ಲೆಂಡಲ್ಲಿ ಹನ್ನೆರಡು ವರ್ಷ ಹರ್ಲಿಂಗ್ ಆಡಿದಾನಲ್ಲ, ಆ ಕೋಲು ಚೆಂಡಿನ ಆಟ. ಅವನ ಹೆಸರು ಟೈಪ್ ಮಾಡಿದ್ರೆ ಮೊದಲು ಬರೋದೇ ಆ ಫೈನಲ್. ಲಾಸ್ಟ್ ಶಾಟ್ ಅವನದೇ. ಹೊಡೆದ ತಕ್ಷಣ ಜನ ಗ್ರೌಂಡಿಗೆ ನುಗ್ಗಿ ಕುಣೀತಾರೆ.”

“ಕುಣಿದೋರ ಶರ್ಟ್ ಯಾವ ಬಣ್ಣ?”

“ಹಳದಿ.”

“ಡೋನಲ್ ಶರ್ಟು?”

“ನೀಲಿ.” ಅವನು ಫೋನ್ ತೆಗೆದು ವಿಡಿಯೋ ಮತ್ತೆ ನೋಡಿದ. “ಅಯ್ಯೋ. ಮಿಸ್ ಆಗಿತ್ತಾ?”

“ಮಿಸ್ ಆಯ್ತು, ಸೋತ್ರು. ಆಮೇಲೆ ಅವನನ್ನ ಟೀಮಿಗೇ ತಗೊಳ್ಳಲಿಲ್ಲ. ಲಂಚ್ ಟೈಮಲ್ಲಿ ಒಂದಿನ ನಂಗೊಬ್ಬಳಿಗೇ ಹೇಳಿದ್ದ.”

“ಗೊತ್ತಿದ್ದೂ ನೀವೇ ಒನ್ಸ್ ಮೋರ್ ಅಂತ ಕೂಗಿದ್ರಲ್ಲ, ಮೇಡಂ?”

“ನನ್ನ ರಿಪೋರ್ಟಲ್ಲಿ ತಪ್ಪು ಸಿಕ್ಕಾಗೆಲ್ಲ ಎಲ್ಲರೆದುರು ಇನ್ನೊಂದ್ಸಲ ಓದು ಅಂತಿದ್ದ. ನಾಲ್ಕು ವರ್ಷ ಓದಿದೀನಿ.”

ಬಸ್ ಬಂತು. ಆಕೆ ಹತ್ತಿದಳು. ಹಿಂದೆಯೇ ಹತ್ತುತ್ತಾ ಅವನು ಅಂದ:

“ಮೊದಲೇ ಹೇಳಬಾರದಿತ್ತಾ ಮೇಡಂ, ಸ್ಲೋ ಮೋಷನಲ್ಲೇ ಹಾಕ್ತಿದ್ದೆ.”