ಮೂರು ರಾತ್ರಿ ಕಾಯದೆ ಕಟ್ಟಿದ ಪಚ್ಚೆ

ಇದು ಎಲ್ಲೋ ಯಾರಿಗೋ ಆದದ್ದಲ್ಲ. ನನ್ನ ಚಿಕ್ಕಮ್ಮನ ಮಗಳು ಪದ್ಮಿನಿಗೆ, ಹೋದ ಡಿಸೆಂಬರಿನಲ್ಲಿ ಆದದ್ದು. ದೀಪ ಆರಿಸಬೇಡಿ... ಕೇಳಿ.

ಸ್ಟಾಕ್‌ಹೋಮಿನ ಚಳಿಗಾಲ ಅಂದರೆ ಮಧ್ಯಾಹ್ನ ನಾಲ್ಕಕ್ಕೇ ಗವ್ವೆನ್ನುವ ಕತ್ತಲು. ಕಿಸ್ಟಾದ ಆಫೀಸು ಮುಗಿಸಿ ಪದ್ಮಿನಿ ಅಕಲ್ಲಾ ಸ್ಟೇಷನ್ನಿನಲ್ಲಿ ಇಳಿದಳು. ಬಂಡೆ ಕೊರೆದು ಮಾಡಿದ ಸ್ಟೇಷನ್ನು ಅದು. ಮೆಟ್ರೋ ಹೋಯಿತು. ಆಮೇಲೆ ಬಂಡೆಯೊಳಗಿಂದ... ಟಕ್. ಟಕ್. ಟಕ್. ಉಳಿಯ ಮೇಲೆ ಸುತ್ತಿಗೆ ಬಿದ್ದ ಹಾಗೆ. ಏನೋ ರಿಪೇರಿ ಇರಬೇಕು ಅಂದುಕೊಂಡು ಬೇಗ ಬೇಗ ನಡೆದಳು. ಬ್ಯಾಗಿನಲ್ಲಿ ಆಗ ತಾನೇ ಕೊಂಡ ಪಚ್ಚೆ ಇತ್ತು.

ಅದು ಮಗಳು ಶ್ರಾವಣಿಗೆ. ನಾಲ್ಕು ತುಂಬಿದರೂ ಮಗುವಿಗೆ ಮಾತಿಲ್ಲ. ಅಮ್ಮಾ ಅಂತಲೂ ಇಲ್ಲ. ಡಾಕ್ಟರುಗಳೆಲ್ಲ ಆದ ಮೇಲೆ ಊರಿನ ಜೋಯಿಸರು, ಬುಧ ಸರಿಯಿಲ್ಲ, ಪಚ್ಚೆ ಕಟ್ಟಿ ಅಂದಿದ್ದರು. ಕಿಸ್ಟಾದಲ್ಲಿ ಅಂಗಡಿ ಇಟ್ಟಿರುವ ಅಫ್ಘಾನಿ ಕಬೀರನ ಹತ್ತಿರ ಸಿಕ್ಕಿತು. ಪಂಜಶೀರ್ ಬೆಟ್ಟದ್ದು, ತನ್ನ ತಮ್ಮನೇ ಅಗೆದು ತೆಗೆದದ್ದು ಅಂದ. ತಮ್ಮ ಈಗೆಲ್ಲಿದ್ದಾನೆ ಅಂತ ಕೇಳಿದರೆ ಕಲ್ಲಿಗೆ ಪೊಟ್ಟಣ ಕಟ್ಟತೊಡಗಿದ.

ಕಲ್ಲನ್ನು ಮೂರು ರಾತ್ರಿ ದಿಂಬಿನಡಿ ಇಟ್ಟುಕೊಂಡು, ಕೆಟ್ಟ ಕನಸು ಬೀಳದಿದ್ದರೆ ಮಾತ್ರ ಧರಿಸಬೇಕು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಪದ್ಮಿನಿಗೂ ಗೊತ್ತು. ಆದರೆ ಹೆತ್ತ ಕರುಳು ಎಲ್ಲಿ ಕಾಯುತ್ತದೆ? ಅಂದೇ ಮಗುವಿನ ಕೊರಳಿಗೆ ಕಟ್ಟಿಬಿಟ್ಟಳು.

ರಾತ್ರಿ ಎಚ್ಚರವಾಯಿತು. ಟಕ್... ಟಕ್... ಮಗುವಿನ ಮಂಚದ ಪಕ್ಕದ ಗೋಡೆಯಿಂದ. ಸರ್ರನೆ ಜಲ್ಲಿ ಜಾರಿದ ಸದ್ದು. ಆಮೇಲೆ... ಮಾತು. ಶ್ರಾವಣಿ ಕತ್ತಲಲ್ಲಿ ಎದ್ದು ಕೂತು, ಗೋಡೆಗೆ ಬಾಯಿಟ್ಟು ಪಿಸುಗುಡುತ್ತಿದ್ದಳು. ಕನ್ನಡವಲ್ಲ, ಸ್ವೀಡಿಷ್ ಅಲ್ಲ. ಪದ್ಮಿನಿ ಅಳುತ್ತಲೇ ಫೋನಿನಲ್ಲಿ ರೆಕಾರ್ಡ್ ಮಾಡಿದಳು. ಅಳು ಸಂತೋಷದ್ದೋ ಭಯದ್ದೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಕಬೀರನಿಗೆ ಕೇಳಿಸಿದಳು. ಅವನು, ಇದು ನಮ್ಮೂರ ಭಾಷೆ ಅಂದು, ಇನ್ನೊಮ್ಮೆ ಹಾಕಿಸಿ ಕೇಳಿದ.

"ಏನಂತಿದಾಳೆ?" ಅಂದಳು ಹಿಂದಿಯಲ್ಲಿ.

"ಅಣ್ಣಾ, ನೀವು ಅಗೀತಿರೋದು ಕೇಳಿಸ್ತಿದೆ... ಇನ್ನೂ ಸ್ವಲ್ಪ ಈ ಕಡೆ... ಅಂತಿದಾಳೆ."

ಅವನ ಆ ತಮ್ಮ, ಪಚ್ಚೆ ಅಗೆಯುವ ಸುರಂಗ ಕುಸಿದು, ಒಳಗೇ ಉಳಿದವನಂತೆ. ಐದನೇ ದಿನ ನಾವು ಅಗೆಯೋದು ನಿಲ್ಲಿಸಿಬಿಟ್ಟೆವು ಅಂದ ಕಬೀರ್, ತಲೆಯೆತ್ತದೆ. ಕಲ್ಲು ವಾಪಸ್ ಕೊಡಿ ಅಂತ ಗೋಗರೆದ.

ಪದ್ಮಿನಿ ಒಂದು ದಿನ ಬಿಚ್ಚಿಟ್ಟೂ ನೋಡಿದಳು. ಮಗು ಮತ್ತೆ ಮೂಕ. ಮತ್ತೆ ಕಟ್ಟಿದಳು. ಯಾವ ಭಾಷೆಯಾದರೇನು, ನನ್ನ ಮಗುವಿನ ದನಿ ಕೇಳ್ತೀನಲ್ಲ ಅಂತ ನನ್ನ ಹತ್ತಿರ ಅಂದಳು.

ನಂಬುವುದಿಲ್ಲವೇ? ಮೊನ್ನೆ ನಾನೇ ಅವರ ಮನೆಯಲ್ಲಿ ಮಲಗಿದ್ದೆ. ಬೆಳಿಗ್ಗೆ ಪದ್ಮಿನಿ, ದಿನಾ ಮಾಡುವ ಕೆಲಸದ ಹಾಗೆ, ಮಗುವಿನ ಹಾಸಿಗೆ ಕೊಡವಿ ನೆಲ ಗುಡಿಸಿದಳು. ಕಸದ ಮೊರ ನಾನೇ ಹಿಡಿದಿದ್ದೆ. ಅದರಲ್ಲಿ ಒಂದು ಹಿಡಿ, ಉಳಿಯಿಂದ ಆಗ ತಾನೇ ಕೆತ್ತಿದಂಥ ಕಲ್ಲಿನ ಪುಡಿ ಇತ್ತು.