ನೂರಹನ್ನೆರಡನೇ ಪುಟ

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಶ್ರೀಮಂತ ಇದ್ದ. ಹೊಲ ಇರಲಿಲ್ಲ, ಬಂಗಾರ ಇರಲಿಲ್ಲ, ಸ್ಕೂಟರಿನ ಸೀಟು ಕೂಡ ಹರಿದಿತ್ತು. ಆದರೂ ಶ್ರೀಮಂತ. ಯಾವುದರಲ್ಲಿ? ಉಲ್ಲೇಖದಲ್ಲಿ!

ನಗಬೇಡಿ, ಅದೂ ಒಂದು ಆಸ್ತಿಯೇ. ಉಲ್ಲೇಖ ಅಂದರೆ ಏನು? ನೋಡಿ, ಒಬ್ಬ ವಿದ್ವಾಂಸ ಏನೋ ಬರೆಯುತ್ತಾನೆ. ಬರೆದು, ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ, ಇದು ನನ್ನ ಮಾತಲ್ಲ, ಇಂಥವರು ಇಂಥ ಪುಟದಲ್ಲಿ ಹೇಳಿದ್ದು ಎಂದು ಒಪ್ಪಿಕೊಳ್ಳುತ್ತಾನೆ. ಅದು ಉಲ್ಲೇಖ. ನಾವು ನೀವು ಕಟ್ಟೆಯ ಮೇಲೆ ಕೂತು 'ಹಿಂಗಂತೆ' ಅನ್ನುತ್ತೇವಲ್ಲ, ಅದೇ. ಅವರದು ಪುಟಸಂಖ್ಯೆ ಇರುವ ಅಂತೆ, ನಮ್ಮದು ಪುಟಸಂಖ್ಯೆ ಇಲ್ಲದ ಅಂತೆ. ಅಷ್ಟೇ ವ್ಯತ್ಯಾಸ. ಯಾರ ಹೆಸರಿಗೆ ಎಷ್ಟು ಉಲ್ಲೇಖ ಬಂತು ಎಂದು ಎಣಿಸಿ, ಅದರಿಂದ ಒಂದು ಸೂಚ್ಯಂಕ ತೆಗೆದು, ಅದರಿಂದ ಆ ಮನುಷ್ಯನ ಪ್ರಭಾವ ಎಷ್ಟೆಂದು ಅಳೆಯುತ್ತಾರೆ. ಆ ಲೆಕ್ಕವನ್ನು ನನಗೆ ಒಬ್ಬರು ಮೂರು ಸಲ ವಿವರಿಸಿದರು. ನಾನು ಮೂರು ಸಲವೂ 'ಹೌದಲ್ಲವೇ!' ಎಂದೆ.

ನಮ್ಮ ಶ್ರೀಮಂತ ಸಮಾಜಶಾಸ್ತ್ರದ ಪ್ರಾಧ್ಯಾಪಕ. ಇಪ್ಪತ್ತಾರನೇ ವಯಸ್ಸಿನಲ್ಲಿ ಗದಗಿನ ಕಡೆಯ ಒಂದು ಊರಿಗೆ ಹೋಗಿ, ಬೀದಿ ನಲ್ಲಿಯ ಎದುರು ತೊಂಬತ್ತು ದಿನ ಕೂತು, ನೀರಿಗೆ ಬರುವ ಹೆಂಗಸರನ್ನು ನೋಡಿ ಒಂದು ಲೇಖನ ಬರೆದಿದ್ದ. ಒಂದೇ ಒಂದು. ಆಮೇಲೆ ಬರೆದದ್ದೆಲ್ಲ ಆ ಲೇಖನದ ಬಗ್ಗೆ ಬರೆದದ್ದು. ಅದಕ್ಕೆ ಬಂದ ಉಲ್ಲೇಖ ಎಷ್ಟು? ಎಂಟುನೂರ ಹನ್ನೊಂದು! ಎಲ್ಲರ ಬಾಯಲ್ಲೂ ಅದರ ಒಂದೇ ವಾಕ್ಯ: 'ಸಾರ್ವಜನಿಕ ನಲ್ಲಿಯ ಮುಂದೆ ಹೆಂಗಸರು ಜಗಳವಾಡುವುದು ಸಹಜ.' ಅದಕ್ಕೆ ನಲ್ಲಿ ಜಗಳದ ಸಿದ್ಧಾಂತ ಎಂದು ಹೆಸರೂ ಬಂತು. ಬಿ.ಎ. ಎರಡನೇ ವರ್ಷದವರಿಗೆ ಎರಡು ಅಂಕದ ಪ್ರಶ್ನೆ. ಒಂದು ಪುರಸಭೆಯಂತೂ ಈ ಸಿದ್ಧಾಂತ ಓದಿ ನಲ್ಲಿಯ ಪಕ್ಕ ಒಬ್ಬ ಪೊಲೀಸನನ್ನೇ ನಿಲ್ಲಿಸಿತು. ನಿಲ್ಲಿಸಿದ ದಿನದಿಂದ ಅಲ್ಲಿ ಜಗಳ ಶುರು!

ತಾಯಂದಿರು ಯಾಕೋ ಮುಖ ಗಂಟು ಹಾಕಿಕೊಂಡಿರಿ. ತಾಳಿ, ತಾಳಿ. ನಿಮ್ಮ ಪಕ್ಷಕ್ಕೇ ಬರುತ್ತಿದ್ದೇನೆ.

ಅದೇ ವಿಶ್ವವಿದ್ಯಾಲಯದಲ್ಲಿ ಒಬ್ಬ ಹುಡುಗಿ ಗ್ರಂಥಾಲಯ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ವಿಷಯ ಏನು ಗೊತ್ತೇ? ಈ ಪ್ರಾಧ್ಯಾಪಕನೇ! ಅವನು ಎಷ್ಟು ಬರೆದ, ಅದನ್ನು ಎಷ್ಟು ಜನ ಉಲ್ಲೇಖಿಸಿದರು, ಅವನ ಪ್ರಭಾವದ ಅಳತೆ ಎಷ್ಟು. ಐದು ವರ್ಷ ಎಣಿಸಿದಳು. ಪಟ್ಟಿ ಮಾಡಿದಳು, ಗ್ರಾಫ್ ಹಾಕಿದಳು, ಪ್ರಬಂಧ ಸಲ್ಲಿಸಿದಳು. ಉಳಿದದ್ದು ಮೌಖಿಕ ಪರೀಕ್ಷೆ ಒಂದೇ. ಆ ತಿಂಗಳೊಳಗೆ ಪದವಿ ಕೈಗೆ ಬಂದರೆ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯ ಕೆಲಸ ಖಾಯಂ. ಬರದಿದ್ದರೆ ಆ ಕುರ್ಚಿ ಬೇರೆಯವರಿಗೆ. ಇದನ್ನು ನೆನಪಿಡಿ.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಹುಡುಗಿ ಒಂದು ತಪ್ಪು ಮಾಡಿದಳು. ಏನು ತಪ್ಪು? ಆ ಲೇಖನವನ್ನು ಓದಿಬಿಟ್ಟಳು!

ಓದಬೇಕೆಂದು ಓದಿದ್ದಲ್ಲ ಪಾಪ. ಪುಟಸಂಖ್ಯೆ ಒಮ್ಮೆ ನೋಡೋಣ ಎಂದು ಲೇಖನ ಅಚ್ಚಾದ ಪತ್ರಿಕೆಯ ಹಳೆಯ ಸಂಪುಟ ತೆಗೆಸಿದಳು. ಲೇಖನ ಇರುವುದು ಮೂವತ್ತೊಂದನೇ ಪುಟದಿಂದ ಐವತ್ತೆಂಟರವರೆಗೆ. ಆದರೆ ಎಂಟುನೂರ ಹನ್ನೊಂದು ಉಲ್ಲೇಖಗಳಲ್ಲಿ ಎಂಟುನೂರ ಹತ್ತು ಏನು ಹೇಳುತ್ತವೆ? ಪುಟ ನೂರಹನ್ನೆರಡು! ಇಲ್ಲದ ಪುಟ. ಎಂಟುನೂರ ಹತ್ತು ಸಲ ವಿದ್ವಾಂಸರು ಇಲ್ಲದ ಪುಟವನ್ನು ಓದಿದ್ದಾರೆ. ನಾವು ದೇವರನ್ನು ಕಾಣಲು ತಪಸ್ಸು ಮಾಡಬೇಕು, ಇವರಿಗೆ ನೋಡಿ, ಕೂತಲ್ಲೇ ದರ್ಶನ!

ಉಳಿದ ಒಂದು ಯಾವುದು? ಎಲ್ಲಕ್ಕಿಂತ ಮೊದಲನೆಯದು, ಯಾರೋ ಹಿರಿಯರ ಒಂದು ದಪ್ಪ ಪುಸ್ತಕ. ಹುಡುಗಿ ಅದನ್ನೂ ಹುಡುಕಿದಳು. ಆ ಪುಸ್ತಕದ ನೂರಹನ್ನೆರಡನೇ ಪುಟದ ಕೊನೆಯ ಸಾಲು: 'ಸಾರ್ವಜನಿಕ ನಲ್ಲಿಯ ಮುಂದೆ ಹೆಂಗಸರು ಜಗಳವಾಡುವುದು ಸಹಜ'. ಅಲ್ಲಿಗೆ ಪುಟ ಮುಗಿಯಿತು. ಹುಡುಗಿ ಹಾಳೆ ತಿರುಗಿಸಿದಳು. ನೂರಹದಿಮೂರನೇ ಪುಟದ ಮೊದಲ ಸಾಲು: 'ಎಂಬ ನಮ್ಮ ಗಂಡಸರ ನಂಬಿಕೆಯನ್ನು ಈ ತರುಣ ಸಂಶೋಧಕ ಸಂಪೂರ್ಣ ಹುಸಿ ಮಾಡಿದ್ದಾರೆ.'

ನೋಡಿದಿರಾ? ಎರಡನೆಯದಾಗಿ ಉಲ್ಲೇಖಿಸಿದವನು ಹಾಳೆ ತಿರುಗಿಸಲಿಲ್ಲ. ಅರ್ಧ ವಾಕ್ಯ ಎತ್ತಿಕೊಂಡ, ಆ ಹಿರಿಯರ ಪುಸ್ತಕದ ಪುಟಸಂಖ್ಯೆಯನ್ನು ನಮ್ಮ ಪ್ರಾಧ್ಯಾಪಕನ ಲೇಖನಕ್ಕೆ ಅಂಟಿಸಿದ. ಮೂರನೆಯವನು ಎರಡನೆಯವನನ್ನು ನೋಡಿ ಬರೆದ. ನಾಲ್ಕನೆಯವನು ಮೂರನೆಯವನನ್ನು ನೋಡಿ. ಹಾಗೇ ಮೂವತ್ತೈದು ವರ್ಷ. ಒಂದು ಹಾಳೆ ತಿರುಗಿಸುವ ಸೋಮಾರಿತನದಿಂದ ಒಂದು ಸಿದ್ಧಾಂತ ಹುಟ್ಟಿತು.

ಹುಡುಗಿ ಮಾರ್ಗದರ್ಶಕರ ಕೊಠಡಿಗೆ ಓಡಿದಳು. ಅವರು ಆ ಪ್ರಾಧ್ಯಾಪಕನ ಶಿಷ್ಯರೇ.

"ಸರ್, ಲೇಖನದಲ್ಲಿ ಆ ಮಾತೇ ಇಲ್ಲ!"

"ಯಾವ ಲೇಖನದಲ್ಲಿ?"

"ಅದೇ ಸರ್, ಎಲ್ಲರೂ ಉಲ್ಲೇಖಿಸೋದು."

"ಅದು ನಿನಗೆ ಎಲ್ಲಿ ಸಿಕ್ತು?"

"ನಮ್ಮ ಲೈಬ್ರರಿಯಲ್ಲೇ ಸರ್. ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಸ್ಕೇಲ್ ಹಾಕಿ ಬಿಡಿಸಿದೆ."

ಮಾರ್ಗದರ್ಶಕರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ಏನಮ್ಮಾ, ನಿನಗೆ ಎಣಿಸೋಕೆ ತಾನೆ ಹೇಳಿದ್ದು? ಓದೋಕೆ ಹೇಳಿದವರು ಯಾರು?"

ಆಹಾ! ಇನ್ನೊಂದು ಸಲ ಹೇಳುತ್ತೇನೆ, ಕೇಳಿ. ಎಣಿಸೋಕೆ ಹೇಳಿದ್ದು, ಓದೋಕೆ ಹೇಳಿದವರು ಯಾರು? ನಮ್ಮಲ್ಲಿ ನೂರೆಂಟು ನಾಮ ಜಪ ಮಾಡುವವರು ಎಷ್ಟು ಜನ ಎಣಿಸುತ್ತೇವೆ, ಎಷ್ಟು ಜನ ದೇವರನ್ನು ಕರೆಯುತ್ತೇವೆ? ಇರಲಿ, ಅದು ಬೇರೆ ದಿನದ ವಿಷಯ.

"ಸೋಮವಾರ ಸರ್ ಅವರೇ ಬಂದು ಮುಂದಿನ ಸಾಲಲ್ಲಿ ಕೂರ್ತಾರೆ," ಎಂದರು ಮಾರ್ಗದರ್ಶಕರು. "ಎಂಟುನೂರ ಹನ್ನೊಂದು ಅನ್ನು, ಗ್ರಾಫ್ ತೋರಿಸು, ನಮಸ್ಕಾರ ಮಾಡು, ಪದವಿ ತಗೋ. ಬೇರೆ ಏನಾದರೂ ಬಾಯಿ ಬಿಟ್ಟೆಯೋ, ತಿದ್ದುಪಡಿಗೆ ಇನ್ನೆರಡು ವರ್ಷ. ಆ ಕೆಲಸ ಕೈಬಿಟ್ಟು ಹೋಯ್ತು ಅಂತ ಆಮೇಲೆ ನನ್ನ ಹತ್ರ ಅಳಬೇಡ."

ಸೋಮವಾರ ಬಂತು. ಸಭಾಂಗಣ ತುಂಬಿತ್ತು. ಪ್ರಾಧ್ಯಾಪಕ ಶಾಲು ಹೊದ್ದು ಮುಂದೆ ಕೂತಿದ್ದ. ಹುಡುಗಿ ಗ್ರಾಫ್ ತೋರಿಸಿದಳು. ಗೆರೆ ಮೇಲಕ್ಕೆ ಹೋಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮುಗಿಯಿತು ಅನ್ನುವಾಗ, ಹೊರಗಿನಿಂದ ಬಂದಿದ್ದ ಪರೀಕ್ಷಕರು, ಪಾಪ, ಊಟದ ಹೊತ್ತಾಯಿತೆಂದು ಸುಲಭದ ಪ್ರಶ್ನೆಯೊಂದನ್ನು ಕೇಳಿದರು.

"ಒಟ್ಟಿನಲ್ಲಿ ಇವರ ಪ್ರಭಾವ ಎಷ್ಟು ಅಂತೀರಮ್ಮಾ?"

'ಅಪಾರ' ಎಂದರೆ ಸಾಕಿತ್ತು. ಒಂದೇ ಮಾತು! ಐದು ವರ್ಷದ ದುಡಿಮೆ, ಖಾಯಂ ಕೆಲಸ, ಎಲ್ಲ ಆ ಒಂದು ಮಾತಿನಲ್ಲಿ. ಮಾರ್ಗದರ್ಶಕರು ದೂರದಿಂದಲೇ ತುಟಿಯಲ್ಲಿ ತೋರಿಸುತ್ತಿದ್ದಾರೆ: ಅ-ಪಾ-ರ. ಹುಡುಗಿ ಬಾಯಿ ತೆರೆದಳು.

"ಇಬ್ಬರು, ಸರ್."

"ಏನು ಇಬ್ಬರು?"

"ಲೇಖನ ಓದಿದವರು. ಮೊದಲು ಉಲ್ಲೇಖಿಸಿದವರು ಒಬ್ಬರು, ನಾನು ಒಬ್ಬಳು."

ಪ್ರಾಧ್ಯಾಪಕ ಎದ್ದು ನಿಂತ. "ಬರೆದವನು ನಾನು! ನಾನು ಓದಿಲ್ವೇನಮ್ಮಾ?"

"ಸರ್, ನಿಮ್ಮ ಲೇಖನವನ್ನು ನೀವೇ ಇಪ್ಪತ್ತಮೂರು ಸಲ ಉಲ್ಲೇಖಿಸಿದ್ದೀರಿ," ಎಂದಳು ಹುಡುಗಿ. ಜೊತೆಗೆ ತಂದಿದ್ದ ಹಳೆಯ ಸಂಪುಟವನ್ನು ಎತ್ತಿ ತೋರಿಸಿದಳು. "ಇಪ್ಪತ್ತಮೂರು ಸಲವೂ ಪುಟ ನೂರಹನ್ನೆರಡು."

ಇಲ್ಲಿ ನೀವು ಕೇಳಬಹುದು, ತಾನು ಬರೆದದ್ದನ್ನು ತಾನೇ ಮರೆಯುತ್ತಾನೆಯೇ? ಮರೆಯುತ್ತಾನೆ. ಮೊದಲ ಸಲ ಯಾರೋ ವೇದಿಕೆಯಲ್ಲಿ 'ನಲ್ಲಿ ಜಗಳದ ಸಿದ್ಧಾಂತ ಕೊಟ್ಟ ಮಹನೀಯರು' ಎಂದಾಗ, ಅಲ್ಲ, ಹಾಗಲ್ಲ ಎಂದು ತಿದ್ದಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಶಾಲು ಬಂತು. ಶಾಲು ಹೊದಿಸುವಾಗ ಯಾರಾದರೂ ತಿದ್ದುತ್ತಾರೆಯೇ? ಎರಡನೇ ಶಾಲಿಗೆ ಸುಮ್ಮನಾದ. ಹತ್ತನೇ ಶಾಲಿಗೆ ನಂಬಿದ.

"ತಾ ಇಲ್ಲಿ," ಎಂದ. ಹುಡುಗಿ ಸಂಪುಟ ಕೊಟ್ಟಳು. ಅವಳ ಸ್ಕೇಲು ಅದರೊಳಗೇ ಇತ್ತು. ಅವನು ಅಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ, ತಾನು ಇಪ್ಪತ್ತಾರನೇ ವಯಸ್ಸಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದತೊಡಗಿದ.

"'ತೊಂಬತ್ತು ದಿನಗಳಲ್ಲಿ ನಾನು ಕಂಡ ಜಗಳ ಎರಡು. ಎರಡಕ್ಕೂ ಕಾರಣ ನಾನು.'"

ಸಭೆ ಗೊಳ್ಳೆಂದಿತು. ಅವನು ಮುಂದೆ ಓದಿದ. ಆ ಬೀದಿಗೆ ನೀರು ಬರುತ್ತಿದ್ದದ್ದು ಮೂರು ದಿನಕ್ಕೊಮ್ಮೆ. ಹೆಂಗಸರು ಬೆಳಿಗ್ಗೆಯೇ ಕೊಡ ಇಟ್ಟು ಮನೆಗೆಲಸಕ್ಕೆ ಹೋಗುವರು. ಕೊಡ ಇದ್ದರೆ ಆಳು ನಿಂತ ಹಾಗೇ. ಖಾಲಿ ಕೊಡಕ್ಕೆ ಇಡೀ ಬೀದಿ ಕಾವಲು, ಯಾರೂ ಮುಟ್ಟುವುದಿಲ್ಲ. ಮುಟ್ಟಿದವನು ಇವನೊಬ್ಬನೇ! ಫೋಟೋಗೆ ಬೆಳಕು ಸಾಲದೆಂದು ಒಂದು ತಾಮ್ರದ ಕೊಡವನ್ನು ಒಂದು ಗೇಣು ಸರಿಸಿದ. ಕೊಡದ ಒಡತಿ ಫಕೀರವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"'ಏ ತಮ್ಮಾ, ಯಾಕ ದಬ್ಬತಿ? ಅದು ಕೊಡ ಅಲ್ಲೋ, ನಾ ನಿಂತೀನಿ ಅಲ್ಲಿ!'"

ಇವನಿಗೆ ನಾಚಿಕೆಯಾಯಿತು. ಅವಳನ್ನು ಮೆಚ್ಚಿಸಲು ಮುಂದಿನ ಪಾಳಿಯ ದಿನ ಏನು ಮಾಡಿದ? ಯಾರೂ ಇಲ್ಲದಾಗ ಅವಳ ಕೊಡವನ್ನು ಎತ್ತಿ ಎಲ್ಲರಿಗಿಂತ ಮುಂದೆ ಇಟ್ಟ! ಮೂವತ್ತು ಹೆಂಗಸರು ಮೈಮೇಲೆ ಬಿದ್ದರು. ಎಲ್ಲರಿಗಿಂತ ಮೊದಲು ಬಿದ್ದವಳು ಯಾರು? ಫಕೀರವ್ವನೇ.

"'ಕದ್ದ ಪಾಳಿ ನನಗ ಬ್ಯಾಡ! ನನ್ನ ಕೊಡ ನಾ ಇಟ್ಟಲ್ಲೇ ಇಡು!'"

ಓದುತ್ತ ಓದುತ್ತ ಅವನಿಗೆ ನಗು ಬಂತು. ಎಂಥ ನಗು! ಶಾಲು ಜಾರಿತು, ಕನ್ನಡಕ ಜಾರಿತು, ಕುರ್ಚಿ ಹಿಡಿದುಕೊಂಡ. ನಗುತ್ತಲೇ ಕಣ್ಣು ಒರೆಸಿಕೊಂಡ.

"ಇಂಥ ಹೆಂಗಸರನ್ನ ನಾನು ಮೂವತ್ತೈದು ವರ್ಷ ಊರೂರಲ್ಲಿ ಜಗಳಗಂಟಿಯರು ಅಂತ ಸಾರಿಕೊಂಡು ಬಂದೆನಲ್ರೀ!"

ಆಮೇಲೆ ಹುಡುಗಿಯ ಕಡೆ ತಿರುಗಿ, "ನಿನ್ನ ಲೆಕ್ಕ ತಿದ್ದಬೇಕಮ್ಮಾ," ಎಂದ. ಮಾರ್ಗದರ್ಶಕರು ತಲೆ ಮೇಲೆ ಕೈ ಹೊತ್ತರು. "ಇಬ್ಬರಲ್ಲ. ಈಗ ಮೂವರು ಅಂತ ಬರಕೋ." ಪರೀಕ್ಷಕರಿಗೆ ಹೇಳಿದ, "ಪದವಿ ಕೊಡಿ ಸ್ವಾಮೀ ಈ ಹುಡುಗಿಗೆ. ಇಡೀ ವಿಶ್ವವಿದ್ಯಾಲಯದಲ್ಲಿ ಓದೋಕೆ ಬರೋಳು ಇವಳೊಬ್ಬಳೇ."

ಪದವಿ ಕೊಟ್ಟರು. ಮೊದಲು ಎದ್ದು ಚಪ್ಪಾಳೆ ತಟ್ಟಿದವರು ಯಾರು? ಮಾರ್ಗದರ್ಶಕರು!

ನಕ್ಕಿರಿ. ಚೆನ್ನಾಗಿ ನಕ್ಕಿರಿ. ಈಗ ನನಗೆ ಉತ್ತರ ಕೊಡಿ. ಆ ಎಂಟುನೂರ ಹತ್ತು ಜನ ಎಲ್ಲಿದ್ದಾರೆ? ವಿಶ್ವವಿದ್ಯಾಲಯದಲ್ಲೇ? ಇಲ್ಲ ಸ್ವಾಮೀ. ಈ ಚಾಪೆಯ ಮೇಲೆ ಕೂತಿದ್ದಾರೆ. ಎದುರು ಮನೆ ಸೊಸೆ ಒರಟಂತೆ. ಹೊಸ ಬಾಡಿಗೆಯವರು ಸರಿ ಇಲ್ಲವಂತೆ. ಆ ಮೇಷ್ಟ್ರು ಪಾಠವೇ ಮಾಡುವುದಿಲ್ಲವಂತೆ. ಯಾರು ನೋಡಿದ್ದು? ಎಲ್ಲರೂ ಹೇಳುತ್ತಾರೆ. ಎಲ್ಲರಿಗೂ ಹೇಳಿದವರು ಯಾರು? ಆ ಎಲ್ಲರೇ!

ನನ್ನನ್ನೂ ಬಿಡಬೇಡಿ. ಹೋದ ವಾರ ಇಲ್ಲೇ ಕೂತು, 'ಸಿಟ್ಟಿನಲ್ಲಿ ಉಂಡ ಅನ್ನ ಮೈಗೆ ಹತ್ತದು ಎಂದು ಶಾಸ್ತ್ರ ಹೇಳಿದೆ' ಎಂದೆ. ಯಾವ ಶಾಸ್ತ್ರ? ಮೊನ್ನೆ ಕೂತು ಹುಡುಕಿದೆ, ಸಿಗಲಿಲ್ಲ. ನಮ್ಮ ಅಜ್ಜಿ ಹೇಳುತ್ತಿದ್ದಳು, ಅಷ್ಟೇ. ಆ ಮಾತನ್ನು ಶಾಸ್ತ್ರದಿಂದ ತೆಗೆದು ಅಜ್ಜಿಗೆ ಒಪ್ಪಿಸಿದ್ದೇನೆ.

ನೀವು ಮಾಡಬೇಕಾದ್ದು ದೊಡ್ಡದೇನಲ್ಲ. ನಾಳೆಯಿಂದ ಒಬ್ಬರ ಬಗ್ಗೆ ಒಂದು ಮಾತು ನಾಲಿಗೆಗೆ ಬಂದಾಗ ಒಂದು ಕ್ಷಣ ನಿಲ್ಲಿ. ಇದನ್ನು ನಾನು ಕಂಡೆನೇ, ಕೇಳಿದೆನೇ? ಕೇಳಿದ್ದಾದರೆ ಅವರ ಬಾಯಿಂದಲೇ ಕೇಳಿದೆನೇ? ಇಲ್ಲವಾದರೆ ನುಂಗಿ. ಮೊಬೈಲಿನಲ್ಲಿ ಬಂದದ್ದನ್ನು ಮುಂದಕ್ಕೆ ತಳ್ಳುವ ಮುಂಚೆ ಅದರ ಬುಡ ಹುಡುಕಿ. ಸಿಗಲಿಲ್ಲವೇ, ಅಳಿಸಿ. ಸೊಸೆಯ ಬಗ್ಗೆ ಯಾರೋ ಏನೋ ಅಂದರೇ? ಅವಳನ್ನೇ ಕರೆದು ಕೂರಿಸಿ, ಕೇಳಿ.

ಇಲ್ಲಿ ಒಬ್ಬ ಹಿರಿಯರಿದ್ದಾರೆ, ಹೆಸರು ಹೇಳುವುದಿಲ್ಲ. ಹಿಂದಿನ ಬೀದಿಯಲ್ಲಿರುವ ತಮ್ಮನ ಮನೆ ಮೆಟ್ಟಿಲು ಹತ್ತದೆ ಹದಿನಾಲ್ಕು ವರ್ಷ. ಯಾಕೆ? ಅಣ್ಣನ ಬಗ್ಗೆ ತಮ್ಮ ಏನೋ ಅಂದನಂತೆ. ಹೇಳಿದ್ದು ಯಾರು? ಷಡ್ಡಕ. ಷಡ್ಡಕನಿಗೆ ಹೇಳಿದ್ದು? ಯಾವುದೋ ಮದುವೆ ಮನೆಯಲ್ಲಿ ಯಾರೋ. ಆ ತಮ್ಮನಿಗೆ ಹೋದ ತಿಂಗಳು ಎದೆನೋವು ಬಂದಿತ್ತು.

ಯಜಮಾನರೇ, ಮಂಗಳಾರತಿಗೆ ಕಾಯಬೇಡಿ. ಚಪ್ಪಲಿ ಹಾಕಿಕೊಳ್ಳಿ. ನಿಮ್ಮ ಪಾಲಿನ ಪ್ರಸಾದ ನಾನೇ ಎತ್ತಿಡುತ್ತೇನೆ, ಅದು ಎಲ್ಲಿಗೂ ಹೋಗುವುದಿಲ್ಲ. ನೇರ ಹೋಗಿ, ಅವನ ಜಗಲಿಯ ಮೇಲೆ ಕೂತು, ಒಂದು ಲೋಟ ನೀರು ಕೇಳಿ ಕುಡಿದು, ಅವನ ಮುಖ ನೋಡಿ ಕೇಳಿ: "ಅವತ್ತು ನೀನು ಏನಂದಿದ್ದೆಯೋ ತಮ್ಮಾ? ಪೂರ್ತಿ ಹೇಳು."