ಮೂಗಿನ ನೆರಳು

"ಹಲೋ... ಯಾರು ಮಾತಾಡ್ತಿರೋದು?... ಹಾಂ, ಗುಬ್ಬಿ ಸ್ಕೂಲೇ. ನಾನು ಸರ್ವಮಂಗಳ, ಫೋಟೊ ಕ್ಲಾಸ್ ಮೇಡಂ... ನಿಟ್ಟೂರಿಂದ ಯಲ್ಲಯ್ಯನವ್ರಾ? ನಮ್ಮ ಮಂಜುಶ್ರೀ ಅಪ್ಪ ಅಲ್ವಾ? ಹೇಳಿ ಅಣ್ಣ."

"...ಬೈಬೇಡಿ. ಏನಾಯ್ತು ಮೊದಲು ಹೇಳಿ... ಹಾಂ? ಕಾಂತೇಶನ್ನ ಕಟ್ಟಾಕಿದೀರಾ? ಅವಳ ಕ್ಲಾಸಿನ ಕಾಂತೇಶನ್ನಾ?... ಕಂಬಕ್ಕಾ?"

ಸರ್ವಮಂಗಳ ಕುರ್ಚಿಯಿಂದ ಎದ್ದೇಬಿಟ್ಟಳು. ಶನಿವಾರದ ಮಧ್ಯಾಹ್ನ, ಉಳಿದ ಮೇಷ್ಟ್ರುಗಳೆಲ್ಲ ಆಗಲೇ ತುಮಕೂರಿನ ಬಸ್ ಹತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕರೆಯೋಣವೆಂದರೆ ಒಂದು ಜೀವವಿಲ್ಲ.

"...ಯಾವ ಫೋಟೊ?... ಜಲಪಾತದ ಮುಂದೆ ಇಬ್ರೂ ನಿಂತಿರೋದಾ? ಅಯ್ಯೋ, ಅದು ಕ್ಲಾಸಲ್ಲಿ ಮಾಡ್ಸಿದ್ದು ಅಣ್ಣ! ಎಲ್ಲಿಗೆ ಕರ್ಕೊಂಡೋಗಿದ್ದೆ ಅಂತ ಕೇಳಿದ್ರೆ ಅವನೇನು ಹೇಳ್ತಾನೆ? ಹೋಗಿದ್ರೆ ತಾನೆ ಊರಿನ ಹೆಸರು ಹೇಳೋದು!"

"...ಏನದು ಸದ್ದು? ಯಾತರಲ್ಲಿ ಹೊಡೆದ್ರಿ?... ಪಂಪಿನ ಪೈಪಲ್ಲಾ! ತಲೆಗೆ ಬೇಡ ಅಣ್ಣ, ಸತ್ತೋಗ್ತಾನೆ!... ಹೌದು, ಹೋಗಿದ್ವಿ ಅಂದನಾ? ಹಂಗೆ ಬಡಿದ್ರೆ ನಾನೂ ಹೌದು ಅಂತೀನಿ!"

ಅವಳಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಭಯ. ಶಾಲೆಗೆ ಎರಡು ಕಂಪ್ಯೂಟರು, ಒಂದು ಡಿಜಿಟಲ್ ಕ್ಯಾಮೆರಾ ಬಂದಾಗ ಹಟ ಹಿಡಿದು ಈ ಕ್ಲಾಸ್ ಶುರು ಮಾಡಿದವಳು ಇವಳೇ. ಬೇರೆ ಬೇರೆ ಕಡೆ ತೆಗೆದ ಇಬ್ಬರನ್ನು ಒಂದೇ ಚಿತ್ರದಲ್ಲಿ ಕೂಡಿಸುವುದು ಈ ತಿಂಗಳ ಪಾಠ. ಬೆನ್ನ ಹಿಂದೆ ಜಲಪಾತ ಇದ್ದರೆ ಮಕ್ಕಳಿಗೆ ಖುಷಿ. ಅಂಥದ್ದನ್ನು ಪ್ರಿಂಟ್ ತೆಗೆದು ಹಳ್ಳಿಯ ಮನೆಗಳಿಗೆ ಕಳಿಸುವ ಮುಂಚೆ ಒಂದು ಗಳಿಗೆ ಯೋಚಿಸಬೇಡವೇ! ಇಷ್ಟು ವರ್ಷ ಪಾಠ ಮಾಡಿ ಬಂದ ಬುದ್ಧಿ ಇಷ್ಟೇನಾ!

"...ಅಣ್ಣ, ಫೋಟೊ ಕೈಲಿದೆಯಾ? ಬೆಳಕಿಗೆ ಹಿಡೀರಿ. ಮಗಳ ಮೂಗಿನ ನೆರಳು ಯಾವ ಕಡೆ ಬಿದ್ದಿದೆ?... ಎಡಕ್ಕೆ. ಹಾಂ. ಅವನದು?... ಇನ್ನೊಂದ್ಸಲ ನೋಡಿ... ಬಲಕ್ಕೆ, ಅಲ್ವಾ? ಒಂದೇ ಬಿಸಿಲಲ್ಲಿ ಅಕ್ಕಪಕ್ಕ ನಿಂತವ್ರ ನೆರಳು ಎರಡು ಕಡೆ ಬೀಳುತ್ತಾ? ಹೊಲದಲ್ಲಿ ದುಡಿಯೋರು, ನೀವೇ ಹೇಳಿ."

"...ಹೂಂ... ಹೂಂ... ಜೊತೇಲಿ ನಿಂತೇ ಇಲ್ಲ ಅಣ್ಣ ಅವ್ರು. ಪೈಪ್ ಕೆಳಗಿಟ್ರಾ?... ಹಗ್ಗ ಬಿಚ್ಚಿ. ನೀರು ಕೊಡಿ... ಉಸಿರಾಡ್ತಾವ್ನಾ?... ಕಣ್ಣು ಬಿಟ್ಟನಾ? ಸದ್ಯ!"

ಅವಳು ಮೇಜಿನ ಮೇಲೇ ಕೂತಳು. ಗೆದ್ದೆ ಅನ್ನಿಸಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

"...ಇಲ್ಲ ಇಲ್ಲ, ಅವನಲ್ಲ ಮಾಡಿದ್ದು. ಅವನಿಗೆ ಮೌಸ್ ಹಿಡಿಯೋಕೂ ಬರಲ್ಲ. ನಿಮ್ಮ ಮಂಜುಶ್ರೀ ಮಾಡಿರೋದು, ಕ್ಲಾಸಿಗೇ ಫಸ್ಟು ಅವಳು! ಆ ನೆರಳೊಂದು ಬಿಟ್ರೆ ಎಷ್ಟು ಚೆನ್ನಾಗಿ ಕೂಡ್ಸವ್ಳೆ ನೋಡಿ. ಯಾರ ಫೋಟೊ ಬೇಕಾದ್ರೂ ತಗೋ ಅಂದಿದ್ದೆ, ಅವಳೇ ಕಾಂತೇಶನದು ಆರಿಸ್ಕೊಂಡು..."

"...ಹಲೋ?... ಅಣ್ಣ?"

"...ಯಾರ್ನ ಕರೀತಿದೀರಾ?... ಮಂಜು ಮನೇಲೇ ಇದಾಳಾ?... ಯಲ್ಲಯ್ಯನವ್ರೆ, ಸುಳ್ಳು, ನಾನು ಸುಳ್ಳು ಹೇಳ್ದೆ! ನಾನೇ ಮಾಡಿದ್ದು ಅದು, ನಾನೇ... ಪೈಪ್ ಯಾಕೆ ಮತ್ತೆ ಎತ್ಕೊಂಡ್ರಿ? ನಿಮ್ಮ ದಮ್ಮಯ್ಯ ಅಣ್ಣ... ಮಂಜೂ! ಮಂಜೂ, ಹಿತ್ತಲ ಬಾಗಿಲಿಂದ ಓಡೇ! ಓಡೇ..."

ಅವಳು ಕೂಗುತ್ತಲೇ ಇದ್ದಳು. ಲೈನು ಕಟ್ಟಾಗಿತ್ತು.